ಸಂಘದ ಮಿಕ್ಸರು, ಶಾಂತಕ್ಕನ ಹಾಡು

ಇವತ್ತು ಬೆಳಿಗ್ಗೆ ನಮ್ಮ ಅಡುಗೆಮನೆಯ ನೀರಿನ ಫಿಲ್ಟರ್ ಇದ್ದಕ್ಕಿದ್ದಂತೆ ಗುಂಯ್ ಎನ್ನತೊಡಗಿತು. ದೊಡ್ಡ ಸದ್ದೇನಲ್ಲ. ಪಕ್ಕದ ಕೋಣೆಯಲ್ಲಿ ಯಾರೋ ಬಾಯಿ ಮುಚ್ಚಿಕೊಂಡು ಒಂದೇ ಸ್ವರ ಹಿಡಿದು ಕೂತಂತೆ ಇತ್ತು, ಅಷ್ಟೆ. ಪೇಪರ್ ಓದುತ್ತಿದ್ದ ನಾನು ಎದ್ದು ಹೋಗಿ ಫಿಲ್ಟರಿನ ಪ್ಲಗ್ ಕಿತ್ತುಬಿಟ್ಟೆ. ಅರ್ಧ ತುಂಬಿದ ತಂಬಿಗೆ ಹಿಡಿದುಕೊಂಡು ಅಲ್ಲೇ ನಿಂತಿದ್ದ ನನ್ನ ಹೆಂಡತಿ ಸುಮಾ ನನ್ನ ಮುಖವನ್ನೇ ನೋಡಿದಳು.

“ಅದು ನೀರಿನ ಮಶೀನ್ ಐತ್ರಿ,” ಎಂದಳು. “ಹಾಡಿಂದಲ್ಲ. ಸುಮ್ನ ತಿರುಗಿ ಹಚ್ರಿ.”

ಹಚ್ಚಿದೆ. ಏನು ಮಾಡಲಿ, ಹೋದ ವರ್ಷದಿಂದ ನನಗೆ ಇದೊಂದು ರೋಗ ಅಂಟಿಕೊಂಡಿದೆ. ಎಲ್ಲಿ ಗುಂಯ್ ಎಂದರೂ ಕೈ ಪ್ಲಗ್ ಹುಡುಕುತ್ತದೆ. ಬ್ಯಾಂಕಿಗೆ ಹೋದಾಗ ಅಲ್ಲಿನ ಏಸಿಯ ಕಡೆ, ನಮ್ಮ ಕಟ್ಟಡದ ಲಿಫ್ಟಿನಲ್ಲಿ ಸ್ವಿಚ್ಚಿನ ಡಬ್ಬಿಯ ಕಡೆ ಕಣ್ಣು ಹೋಗುತ್ತದೆ. ಇದು ಶುರುವಾದದ್ದು ಹೇಗೆ ಎಂದು ನಿಮಗೆ ಹೇಳಬೇಕು. ನಿಮಗೆ ಪುರುಸೊತ್ತಿದ್ದರೆ ಕೇಳಿ. ನನಗಂತೂ ಇಲ್ಲ, ಆದರೂ ಹೇಳುತ್ತೇನೆ.

ಪುರುಸೊತ್ತಿನ ಮಾತು ಬಂದದ್ದರಿಂದ ಮೊದಲು ನನ್ನ ವಿಷಯವನ್ನೇ ಮುಗಿಸಿಬಿಡುತ್ತೇನೆ. ನನ್ನ ಮನೆ ನಿಗಡಿಯಲ್ಲಿ, ಕೆಲಸ ಹಡಪಸರದಲ್ಲಿ. ಪುಣೆ ಬಲ್ಲವರಿಗೆ ಇಷ್ಟು ಹೇಳಿದರೆ ಸಾಕು, ಉಳಿದದ್ದಕ್ಕೆ ಅವರೇ ಅಯ್ಯೋ ಅಂದುಕೊಳ್ಳುತ್ತಾರೆ. ಯಂತ್ರದ ಬಿಡಿಭಾಗ ಮಾಡುವ ಕಂಪನಿಯಲ್ಲಿ ಮಾಲು ಕಳಿಸುವ ವಿಭಾಗ ನನ್ನದು. ದಿನವಿಡೀ ಫೋನಿನಲ್ಲಿ ನಾನು ಕೇಳುವ ಪ್ರಶ್ನೆ ಒಂದೇ: “ಗಾಡೀ ನಿಘಾಲೀ ಕಾ?” ಗಾಡಿ ಹೊರಟಿತಾ? ಕುರಕುಂಭದ ಕಾರ್ಖಾನೆಯವರು ಮಾಲಿಗಾಗಿ ಕಾಯುತ್ತಿರುತ್ತಾರೆ, ಗಾಡಿಯವನು ಚಹಾ ಕುಡಿಯುತ್ತಿರುತ್ತಾನೆ, ನಾನು ನಡುವೆ ನಿಂತು ಕುದಿಯುತ್ತಿರುತ್ತೇನೆ. ನಿಂತ ಗಾಡಿ ಕಂಡರೆ ನನಗೆ ಸಂಕಟ. ಈ ಗುಣ ಕಚೇರಿಯಲ್ಲೇ ಉಳಿಯುವುದಿಲ್ಲ. ಸಿಗ್ನಲ್ಲಿನಲ್ಲಿ ಕಾಲು ತಾನಾಗಿ ಕುಟ್ಟುತ್ತದೆ. ಎದುರಿನವರು ಮಾತಿನ ನಡುವೆ ಒಂದು ಪದಕ್ಕಾಗಿ ತಡೆದರೆ ಸಾಕು, ಆ ಪದ ನಾನೇ ಹೇಳಿಬಿಡುತ್ತೇನೆ, ಅದೂ ಸಾಮಾನ್ಯವಾಗಿ ತಪ್ಪು ಪದ. ನನ್ನ ಜೊತೆ ಮಾತಾಡುವುದೆಂದರೆ ಬಿಟ್ಟ ಬಸ್ಸಿನ ಹಿಂದೆ ಓಡಿದ ಹಾಗೆ ಎಂದು ಸುಮಾ ತನ್ನ ತವರಿನವರ ಮುಂದೆ ಹೇಳಿದ್ದಾಳೆ. ನಾನೂ ಅಲ್ಲೇ ಇದ್ದೆ. ಆ ಮಾತನ್ನೂ ಅವಳಿಗೆ ಪೂರ್ತಿ ಮಾಡಲು ಬಿಟ್ಟಿರಲಿಲ್ಲ.

ಇನ್ನು ಶಾಂತಕ್ಕ. ನಮ್ಮ ಕಟ್ಟಡದಲ್ಲಿ ನೆಲಮಹಡಿಯ ಮನೆ ಅವರದು. ಜಮಖಂಡಿ ಕಡೆಯವರು. ಗಂಡನಿಗೆ ಚಿಂಚವಡದಲ್ಲಿ ಅರಿವೆ ಅಂಗಡಿ, ಮದುವೆಯಾಗಿ ಬಂದ ಮೇಲೆ ಪುಣೆಯೇ ಊರು. ಬಾಗಿಲಲ್ಲಿ ನಿಂತು ಮೆಂತ್ಯಸೊಪ್ಪಿನವಳ ಜೊತೆ ಮರಾಠಿಯಲ್ಲಿ ಚೌಕಾಶಿ ಮಾಡುವುದನ್ನು ಕೇಳಿದರೆ ಸಾತಾರದ ಹೆಣ್ಣುಮಗಳು ಅನ್ನಬೇಕು. ಸೊಪ್ಪು ತೆಗೆದುಕೊಂಡು ಹೊಸ್ತಿಲು ದಾಟಿ ಒಳಗೆ ಬಂದರೋ, ಮತ್ತೆ ಜಮಖಂಡಿ. ನಿಗಡಿ, ಆಕುರ್ಡಿ ಸುತ್ತಿನ ಯಾವ ಕನ್ನಡದವರ ಮನೆಯಲ್ಲಿ ಮದುವೆಯಾದರೂ ಅರಿಶಿನ ಹಚ್ಚುವ ದಿನ ಶಾಂತಕ್ಕನನ್ನು ಕರೆದೊಯ್ಯಲು ಗಾಡಿ ಬರುತ್ತದೆ. ಹುಡುಗಿಯರು ದೊಡ್ಡ ಸ್ಪೀಕರ್ ಹಚ್ಚಿ ಸಿನಿಮಾ ಹಾಡಿಗೆ ಕುಣಿದು ದಣಿದ ಮೇಲೆ ಯಾರಾದರೂ ಹಿರಿಯರು ಆ ಸ್ಪೀಕರ್ ಬಂದ್ ಮಾಡಿಸುತ್ತಾರೆ. ಆಗ ಶಾಂತಕ್ಕ ಕಾಲು ಮಡಿಸಿ ಕೂತು ದನಿ ಎತ್ತುತ್ತಾರೆ. ಪುಸ್ತಕವಿಲ್ಲ, ಚೀಟಿಯಿಲ್ಲ. ತಾಯಿಯಿಂದ ಬಂದ ಹಾಡುಗಳು.

ನಾವು ಗಂಡಸರು ಆ ಹೊತ್ತಿಗೆ ಎಲ್ಲಿರುತ್ತೇವೆ? ಹೊರಗೆ. ಕಾರು ನಿಲ್ಲಿಸುವ ಜಾಗದಲ್ಲಿ ಹಾಕಿದ ಹಂದರದ ಕೆಳಗೆ ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು, ಯಾವ ರಸ್ತೆಯಲ್ಲಿ ಯಾವ ಹೊತ್ತಿಗೆ ಹೆಚ್ಚು ಗರ್ದಿ ಎಂಬ ಬಗೆಹರಿಯದ ವಿಷಯವನ್ನು ಬಗೆಹರಿಸುತ್ತಿರುತ್ತೇವೆ. ಒಳಗಿನ ಹಾಡು ನಮಗೆ ಗೋಡೆಯಾಚೆಯಿಂದ ಒಂದು ಮುದ್ದೆಯಾಗಿ ಕೇಳಿಸುತ್ತದೆ. ಊಟ ಇನ್ನೂ ತಡ ಎಂಬುದಕ್ಕೆ ಅದು ಗುರುತು, ಅಷ್ಟೆ. ಹೀಗೆ ನಾನು ವರ್ಷಗಟ್ಟಲೆ ಶಾಂತಕ್ಕನ ಹಾಡು ಕೇಳಿದ್ದೇನೆ. ಒಂದು ಸಾಲು ಹೇಳಿ ಎಂದರೆ ಬಾಯಿ ಕಟ್ಟುತ್ತಿತ್ತು.

ಹೋದ ವರ್ಷ ಶಾಂತಕ್ಕನ ಮಗಳು ವಿದ್ಯಾಳ ಮದುವೆ ಸೊಲ್ಲಾಪುರದ ಹುಡುಗನ ಜೊತೆ ಗೊತ್ತಾಯಿತು. ಮುಹೂರ್ತ ಇಟ್ಟು, ಹಾಲ್ ಹಿಡಿದು, ಸೀರೆ ತೆಗೆಯುವ ಓಡಾಟ ನಡೆದಿರುವಾಗಲೇ ಶಾಂತಕ್ಕನ ಕುತ್ತಿಗೆಯಲ್ಲಿ ಒಂದು ಗಂಟು ಕಾಣಿಸಿಕೊಂಡಿತು. ಥೈರಾಯಿಡಿನದು, ತೆಗೆಯಲೇಬೇಕು, ಮದುವೆಯ ತನಕ ಬಿಡುವುದು ಬೇಡ ಅಂದರು ಡಾಕ್ಟರು. ಮತ್ತೊಂದು ಮಾತನ್ನೂ ಅಂದರು. ದನಿಯ ನರ ಆ ಗಂಟಿಗೆ ತಾಗಿಕೊಂಡೇ ಹೋಗಿದೆ, ಆಪರೇಷನ್ ಆದ ಮೇಲೆ ದನಿ ಕೆಲವು ದಿನ ಕುಗ್ಗಬಹುದು, ಕುಗ್ಗಿದ್ದು ಹಾಗೇ ಉಳಿಯಲೂಬಹುದು.

ಅವತ್ತು ಸಂಜೆ ಶಾಂತಕ್ಕ ಮೇಲೆ ನಮ್ಮ ಮನೆಗೆ ಬಂದು ಸೋಫಾದ ಅಂಚಿನಲ್ಲಿ ಕೂತರು.

“ಆಪರೇಶನ್ ಅಂಜಿಕಿ ನನಗಿಲ್ಲವಾ ಸುಮಾ,” ಎಂದರು. “ಊರ ಮಂದಿ ಮಕ್ಕಳಿಗೆಲ್ಲಾ ಅರಿಷಿಣದ ಹಾಡು ಹಾಡೀನಿ. ನನ್ನ ವಿದ್ಯಾಗ ಹಚ್ಚೂ ದಿನಾ ನಾ ಬಾಯಿ ಮುಚಗೊಂಡು ಕೂಡೋದೇನು? ಅದೊಂದು ನನಗ ತಡಕೊಳ್ಳಾಕ ಆಗವಲ್ದು ನೋಡು.”

ಬೇರೆ ಯಾರಾದರೂ ಹಾಡಬಹುದಲ್ಲ ಎಂದು ನಾನು ನಡುವೆ ಬಾಯಿ ಹಾಕಿದೆ. ಪೂರ್ತಿ ಹಾಡು ಇಲ್ಲಿ ಯಾರಿಗೂ ಬರುವುದಿಲ್ಲವಂತೆ. ಸುಮಾ ನನ್ನ ಕಡೆ ಕೈ ಮಾಡಿ, “ನಮ್ಮನಿಯವರು ರೆಕಾರ್ಡ್ ಮಾಡಿ ಕೊಡ್ತಾರಕ್ಕಾ,” ಎಂದಳು. “ನೀವು ದವಾಖಾನಿಗೆ ಹೋಗೂದ್ರಾಗ ಹಾಡಿಬಿಡ್ರಿ. ಆ ದಿನಾ ಅದನ್ನ ಹಚ್ಚೂಣು. ನಿಮ್ಮ ದನಿ ನಿಮ್ಮ ಮಗಳಿಗೆ ಕೇಳಸ್ತದ.”

ಸ್ಪೀಕರಿಗೆ ವೈರು ಸಿಗಿಸುವುದು ಬಿಟ್ಟರೆ ಧ್ವನಿಮುದ್ರಣದ ಗಂಧಗಾಳಿ ಇಲ್ಲದ ನಾನು ಹೀಗೆ ಕೆಲಸಕ್ಕೆ ನೇಮಕಗೊಂಡೆ. ಆದರೆ ಶಾಂತಕ್ಕನ ಮುಖ ನೋಡಿದಾಗ ಇಲ್ಲ ಅನ್ನುವ ಧೈರ್ಯ ಬರಲಿಲ್ಲ.

ಮೊದಲು ಮೊಬೈಲಿನಲ್ಲಿ ಮಾಡಿ ನೋಡಿದೆವು. ಕಿವಿಗಿಟ್ಟುಕೊಂಡರೆ ಪರವಾಗಿಲ್ಲ ಅನ್ನಿಸಿತು. ದೊಡ್ಡ ಸ್ಪೀಕರಿಗೆ ಹಚ್ಚಿದರೆ ಶಾಂತಕ್ಕ ಎಣ್ಣೆಯ ಡಬ್ಬಿಯೊಳಗೆ ಕೂತು ಹಾಡಿದಂತಿತ್ತು, ಮೇಲಿಂದ ಫ್ಯಾನಿನ ಘರಘರ. ಆಗ ನೆನಪಾದದ್ದು ಸಂಘದ ಮಿಕ್ಸರು. ನಮ್ಮ ಕಡೆಯ ಕನ್ನಡ ಸಂಘದ ಕಬ್ಬಿಣದ ಕಪಾಟಿನಲ್ಲಿ ದೀಪದ ಸಮೆ, ಬಾವುಟ, ಬ್ಯಾನರುಗಳ ಜೊತೆ ಮೈಕಿನ ದನಿ ಏರಿಸಿ ಇಳಿಸುವ ಒಂದು ಮಿಕ್ಸರೂ ಒಂದು ಒಳ್ಳೆಯ ಮೈಕೂ ಇವೆ, ನವೆಂಬರಿನಲ್ಲಿ ಹೊರಬರುತ್ತವೆ. ಕಾರ್ಯದರ್ಶಿಗಳು ಜೋಪಾನ ಜೋಪಾನ ಎಂದು ಹೇಳುತ್ತಲೇ ಕೊಟ್ಟರು. ತುಂಬ ಗುಂಡಿಗಳಿರುವ ಚಪ್ಪಟೆ ಪೆಟ್ಟಿಗೆ. ಯಾವ ಗುಂಡಿ ಯಾವುದಕ್ಕೆ ಎಂದು ಬರೆದದ್ದೆಲ್ಲ ಅಳಿಸಿಹೋಗಿತ್ತು. ಒಂದು ಗುಂಡಿಯ ತಲೆ ಬಿದ್ದುಹೋಗಿ ಅದರ ಜಾಗದಲ್ಲಿ ಯಾರೋ ಹಲ್ಲುಜ್ಜುವ ಪೇಸ್ಟಿನ ಮುಚ್ಚಳ ಕೂರಿಸಿದ್ದರು.

ಮೈಕಿನ ವೈರು ಮಿಕ್ಸರಿಗೆ, ಮಿಕ್ಸರಿನ ವೈರು ಲ್ಯಾಪ್‌ಟಾಪಿನ ಪಕ್ಕದ ಸಣ್ಣ ತೂತಿಗೆ. ಇಷ್ಟೇ ತಾನೆ ಅಂದುಕೊಂಡೆ. ಸುಮಾ “ಹಲೋ ಹಲೋ” ಅಂದಳು, ರೆಕಾರ್ಡ್ ಆಯಿತು. ನನಗೆ ಹೆಮ್ಮೆಯೂ ಆಯಿತು. ಆದರೆ ಮೊಬೈಲಿನಲ್ಲಿ ಕೇಳಿಸಿದ ಅದೇ ಎಣ್ಣೆ ಡಬ್ಬಿಯ ದನಿ. ಗುಂಡಿಗಳನ್ನು ಒಂದೊಂದಾಗಿ ತಿರುವಿದೆ. ಪೂರ್ತಿ ಏರಿಸಿದರೂ ಅಷ್ಟೇ ದನಿ, ಪೂರ್ತಿ ಇಳಿಸಿದರೂ ಅಷ್ಟೇ ದನಿ. ಕೊನೆಗೆ ಸುಮಾ ಮೈಕನ್ನು ಎತ್ತಿ ಬೇರೆ ಕೋಣೆಯಲ್ಲಿಟ್ಟು ಬಂದಳು. ಇಲ್ಲಿ ಮಾತಾಡಿದರೆ ಆಗಲೂ ದನಿ ಬಂತು. ನಾನು ಲ್ಯಾಪ್‌ಟಾಪಿನ ಮೇಲೆ ಬೆರಳಿನಿಂದ ಕುಟ್ಟಿದೆ. ರೆಕಾರ್ಡಿನಲ್ಲಿ ಸಿಡಿಲು ಬಡಿದಂತೆ ಕೇಳಿಸಿತು.

ಮೇಲಿನ ಮಹಡಿಯಲ್ಲಿ ಕಾರ್ತಿಕ್ ಎಂಬ ಮೈಸೂರಿನ ತರುಣ ಬಾಡಿಗೆಗಿದ್ದಾನೆ, ಐಟಿ ಕಂಪನಿಯಲ್ಲಿ ಕೆಲಸ. ಅವನನ್ನು ಕರೆದೆ.

“ಸರ್, ಅದು ಹೆಡ್‌ಫೋನ್ ಜ್ಯಾಕು,” ಎಂದ. “ಅಲ್ಲಿಂದ ಸೌಂಡ್ ಹೊರಗೆ ಬರುತ್ತೆ, ನಿಮ್ಮ ಮಿಕ್ಸರ್ ಸೌಂಡ್ ಒಳಗೆ ತಗೊಳಲ್ಲ. ಇಷ್ಟೊತ್ತೂ ಲ್ಯಾಪ್‌ಟಾಪ್ ತನ್ನ ಮೈಕಲ್ಲೇ ರೆಕಾರ್ಡ್ ಮಾಡ್ಕೊಂಡಿದೆ. ನನ್ನ ಹತ್ರ ಯುಎಸ್‌ಬಿಗೆ ಹಾಕೋ ಒಂದು ಚಿಕ್ಕ ಸೌಂಡ್ ಕಾರ್ಡ್ ಇದೆ, ತಗೊಳಿ. ಸೆಟ್ಟಿಂಗ್ಸಲ್ಲಿ ಇನ್‌ಪುಟ್ ಅದನ್ನೇ ಸೆಲೆಕ್ಟ್ ಮಾಡಿ. ಮಿಕ್ಸರಲ್ಲಿ ವಾಲ್ಯೂಮ್ ಮಾತ್ರ ಕಮ್ಮಿ ಇಟ್ಕೊಳಿ ಸರ್, ಇಲ್ಲಾಂದ್ರೆ ಒಡೆದುಹೋಗುತ್ತೆ.”

ಒಡೆಯುವುದು ಮಿಕ್ಸರೋ ಎಂದು ಹೆದರಿದೆ. ಒಡೆಯುವುದು ದನಿಯಂತೆ. ಅವನು ಕೊಟ್ಟ ಹೆಬ್ಬೆರಳಿನಷ್ಟು ಸಾಮಾನನ್ನು ಸಿಗಿಸಿ, ಮಿಕ್ಸರಿನ ವೈರನ್ನು ಅದಕ್ಕೆ ಕೊಟ್ಟಾಗ ಸುಮಾಳ ದನಿ ಮೊದಲ ಬಾರಿ ದುಂಡಗೆ ಬಂತು. ಆದರೆ ಅದರ ಕೆಳಗೆ ಗುಂಯ್. ವೈರು ಬದಲಿಸಿದೆ, ಗುಂಯ್. ಫ್ರಿಜ್ಜು ಬಂದ್ ಮಾಡಿದೆ, ಟ್ಯೂಬ್‌ಲೈಟ್ ಆರಿಸಿದೆ, ದೇವರ ಮುಂದಿನ ಕರೆಂಟಿನ ದೀಪವನ್ನೂ ಆರಿಸಿದೆ. ಸುಮಾ ದೇವರಿಗೆ ಕೈಮುಗಿದು ಕ್ಷಮೆ ಕೇಳಿದಳು, ಗುಂಯ್ ಹೋಗಲಿಲ್ಲ. ಶಾಂತಕ್ಕ ದವಾಖಾನೆಗೆ ಸೇರಬೇಕಾದದ್ದು ಮರುದಿನ. ಕೆಳಗೆ ಅವರು ಸ್ನಾನ ಮಾಡಿ ಸಿದ್ಧರಾಗಿ ಕೂತಿದ್ದರು. ಸಿಟ್ಟು ತಡೆಯಲಾರದೆ ಲ್ಯಾಪ್‌ಟಾಪಿನ ಚಾರ್ಜರ್ ವೈರನ್ನೇ ಎಳೆದೆ, ಅದು ಕಾಲಿಗೆ ತೊಡರುತ್ತಿತ್ತು. ಕಾಲಿಗೆ ತೊಡರಿದ ವೈರೇ ಕಳ್ಳ ಎಂದು ಯಾರಿಗೆ ಗೊತ್ತು? ಗುಂಯ್ ನಿಂತಿತು, ಮನೆ ಶಾಂತವಾಯಿತು.

ಶಾಂತವಾಯಿತು, ಸರಿ. ಆದರೆ ನನ್ನ ಲ್ಯಾಪ್‌ಟಾಪಿನ ಬ್ಯಾಟರಿ ನನ್ನಷ್ಟೇ ಹಳೆಯದು. ಚಾರ್ಜರ್ ಇಲ್ಲದೆ ಅದು ಬಹಳ ಹೊತ್ತು ನಿಲ್ಲುವುದಿಲ್ಲ. ಹಾಡು ಮುಗಿಯುವುದು ಮೊದಲೋ ಬ್ಯಾಟರಿ ಮುಗಿಯುವುದು ಮೊದಲೋ ಎನ್ನುವಂಥ ಪರಿಸ್ಥಿತಿಯಲ್ಲಿ ಶಾಂತಕ್ಕ ಮೇಲೆ ಬಂದರು. ಜರತಾರಿ ಸೀರೆ ಉಟ್ಟಿದ್ದರು, ಕುತ್ತಿಗೆಯ ಗಂಟಿನ ಮೇಲೆ ಸೆರಗು ಸುತ್ತಿದ್ದರು. ಕೂತವರೇ ಕುಂಕುಮದ ಭರಣಿ ತೆಗೆದು ಮಿಕ್ಸರಿಗೆ ಅರಿಶಿನ ಕುಂಕುಮ ಹಚ್ಚಿದರು. ಮೈಕಿಗೂ ಹಚ್ಚಲು ಹೊರಟಾಗ, “ಅಕ್ಕಾರ, ಅದಕ ಬ್ಯಾಡ್ರಿ, ಒಳಗ ಹೋಗ್ತದ,” ಎಂದು ತಡೆದೆ. ಕಿಟಕಿ ಮುಚ್ಚಿದೆ, ಫ್ಯಾನ್ ನಿಲ್ಲಿಸಿದೆ. ಏಪ್ರಿಲ್ ಮಧ್ಯಾಹ್ನ. ಪಿಟ್ಟೆನ್ನಬಾರದು ಎಂದು ಸುಮಾಳಿಗೆ ತಾಕೀತು ಮಾಡಿದ್ದರಿಂದ ಅವಳು ಸೆರಗು ಬಾಯಿಗೆ ಒತ್ತಿಕೊಂಡು ಹಿಂದೆ ಕೂತಿದ್ದಳು.

ಶಾಂತಕ್ಕ ದನಿ ಎತ್ತಿದರು.

ಅರಿಷಿಣ ಹಚ್ಚೂನು ಬರ್ರೆವ್ವ ಗೆಳತೇರೆ

ನಿಲ್ಲಿಸಿಬಿಟ್ಟರು. ನಾನು ನೋಡಿದೆ. ಅವರು ನೆಲ ನೋಡುತ್ತ ತಲೆಯನ್ನು ಮೆಲ್ಲಗೆ ತೂಗುತ್ತಿದ್ದರು. ಮುಂದೆ, ಮುಂದೆ ಎಂದು ಕೈ ಮಾಡಿದೆ. ತಡಿ ಎಂದು ಅವರು ಅಂಗೈ ತೋರಿಸಿದರು. ಬಹಳ ಹೊತ್ತಾದ ಮೇಲೆ, ನನಗಂತೂ ಬಹಳ ಹೊತ್ತು, ಎರಡನೆಯ ಸಾಲು ಬಂತು.

ಮೈತುಂಬ ಬಿಸಲು ಬಿದ್ಹಂಗ

ಮತ್ತೆ ನಿಲುಗಡೆ. ಪ್ರತಿ ಸಾಲಿಗೂ ಹೀಗೇ. ಗಂಟು ನೋಯುತ್ತಿದೆ, ಉಸಿರು ಸಾಲುತ್ತಿಲ್ಲ ಎಂದುಕೊಂಡೆ. ಪಾಪ ಅನ್ನಿಸಿತು. ಪಾಪ ಅನ್ನಿಸುತ್ತಲೇ ಬ್ಯಾಟರಿಯ ಗುರುತಿನ ಕಡೆ ಕಣ್ಣು ಹೋಯಿತು. ಅದು ಕೆಂಪಾಗುತ್ತಿತ್ತು. ಕಾಲು ಕುಟ್ಟಲು ಶುರು ಮಾಡಿತು, ಸುಮಾ ನನ್ನ ಮೊಣಕಾಲನ್ನು ಒತ್ತಿ ಹಿಡಿದಳು. ಅಂತೂ ಹಾಡುಗಳೆಲ್ಲ ಮುಗಿದವು, ಲ್ಯಾಪ್‌ಟಾಪ್ ಕಣ್ಣು ಮುಚ್ಚುವುದರೊಳಗೆ ಉಳಿಸಿಕೊಂಡೆ. ಶಾಂತಕ್ಕ ಬೆವರು ಒರೆಸಿಕೊಂಡು, “ಆತೇನಪಾ ತಮ್ಮಾ? ಇಷ್ಟಾದ್ರ ಸಾಕು. ಇನ್ನ ದನಿ ಹ್ವಾದರೂ ಹೋಗವಲ್ದ್ಯಾಕ,” ಎಂದು ನಕ್ಕರು.

ಆಪರೇಷನ್ ದಿನ ನಾವೆಲ್ಲ ದವಾಖಾನೆಯಲ್ಲಿ ಕಾದೆವು. ಸುಮಾ ವಿದ್ಯಾಳನ್ನು ಹಿಡಿದುಕೊಂಡು ಒಳಗಿನ ಬೆಂಚಿನಲ್ಲಿ, ನಾನು ಹೊರಗಿನ ಪಡಸಾಲೆಯಲ್ಲಿ. ಕಾಯುವುದು ನನ್ನಿಂದ ಆಗದ ಕೆಲಸ ಎಂದು ಆಗಲೇ ಹೇಳಿದೆ. ಬಾಗಿಲು ತೆರೆದಾಗಲೆಲ್ಲ ಎದ್ದು ನಿಲ್ಲುತ್ತಿದ್ದೆ. ಕೈಗೇನಾದರೂ ಕೆಲಸ ಬೇಕಾಗಿತ್ತು, ಲ್ಯಾಪ್‌ಟಾಪ್ ತೆರೆದೆ. ರೆಕಾರ್ಡ್ ಆದ ಹಾಡು ಪರದೆಯ ಮೇಲೆ ಗುಡ್ಡಗಳ ಸಾಲಿನಂತೆ ಕಾಣುತ್ತಿತ್ತು. ಒಂದು ಗುಡ್ಡ, ಆಮೇಲೆ ಉದ್ದಕ್ಕೆ ಬಯಲು, ಮತ್ತೊಂದು ಗುಡ್ಡ, ಮತ್ತೆ ಬಯಲು. ಆ ಬಯಲುಗಳನ್ನು ನೋಡಿದರೆ ನಿಂತ ಗಾಡಿ ನೋಡಿದಷ್ಟೇ ಸಂಕಟ. ಶಾಂತಕ್ಕನ ಉಸಿರು ನಿಂತ ಜಾಗಗಳು ಅವು, ಮದುವೆಮನೆಯಲ್ಲಿ ಜನ ಯಾಕೆ ಅವನ್ನು ಕೇಳಬೇಕು? ಒಂದೊಂದಾಗಿ ಹಿಡಿದು ಅಳಿಸಿದೆ. ಗುಡ್ಡಗಳು ಒಂದಕ್ಕೊಂದು ಕೂಡಿಕೊಂಡವು. ಎಷ್ಟೋ ದಿನದ ಮೇಲೆ ಒಂದು ಕೆಲಸ ಚೊಕ್ಕವಾಗಿ ಮಾಡಿದ ಸಮಾಧಾನದಲ್ಲಿ ಹಳೆಯದನ್ನು ಅಳಿಸಿ ಅದರ ಜಾಗದಲ್ಲಿ ಇದನ್ನೇ ಉಳಿಸಿದೆ. ಅಷ್ಟು ಹೊತ್ತಿಗೆ ಡಾಕ್ಟರು ಹೊರಗೆ ಬಂದು, ಎಲ್ಲ ಸರಿಯಾಗಿದೆ, ಗಂಟು ಕೆಟ್ಟದ್ದಲ್ಲ ಎಂದರು.

ಜೀವಕ್ಕೆ ಏನೂ ಆಗಲಿಲ್ಲ. ಆದರೆ ದನಿ ಹೋಯಿತು. ಬಾಯಿ ತೆರೆದರೆ ಬರೀ ಗಾಳಿ. ಅವರ ಮಾತು ಕೇಳಬೇಕಾದರೆ ಕಿವಿಯನ್ನು ಅವರ ಬಾಯಿಯ ಹತ್ತಿರ ಒಯ್ಯಬೇಕು. ತಿಂಗಳುಗಳು ಹಿಡಿಯಬಹುದು, ನೋಡೋಣ ಎಂದರು ಡಾಕ್ಟರು. ನಮ್ಮ ಹತ್ತಿರ ರೆಕಾರ್ಡ್ ಇದೆಯಲ್ಲ ಎಂದು ಎಲ್ಲರಿಗೂ ನಾನೇ ಧೈರ್ಯ ಹೇಳಿದೆ.

ಅರಿಶಿನದ ಹಿಂದಿನ ದಿನ ಹೆಂಗಸರೆಲ್ಲ ಶಾಂತಕ್ಕನ ಮನೆಯಲ್ಲಿ ಸೇರಿದ್ದರು. ಒಮ್ಮೆ ಹಚ್ಚಿ ನೋಡೋಣ ಎಂದಳು ಸುಮಾ. ದವಾಖಾನೆ, ಮದುವೆ ಎಂದು ಓಡಾಡುತ್ತಿದ್ದ ಅವಳೂ ಅದನ್ನು ಕೇಳಿರಲಿಲ್ಲ. ಸ್ಪೀಕರಿನಿಂದ ಶಾಂತಕ್ಕನ ಹಳೆಯ ದನಿ ತುಂಬಿ ಬಂತು. ಮೊದಲ ಸಾಲು ಮುಗಿಯಿತು. ಹೆಂಗಸರೆಲ್ಲ ಒಟ್ಟಾಗಿ ಬಾಯಿ ತೆರೆದು ಅದೇ ಸಾಲು ಎತ್ತಿದರು. ಅವರು ಎರಡು ಮಾತು ಹೇಳುವುದರೊಳಗೆ ಸ್ಪೀಕರಿನಲ್ಲಿ ಎರಡನೆಯ ಸಾಲು ಬಂದು ಅವರ ಮೇಲೆ ಬಿತ್ತು. ತಡವರಿಸಿ ಅದನ್ನು ಹಿಡಿಯಹೋದರು, ಮೂರನೆಯದು ಬಂತು. ಕೆಲವರು ನಕ್ಕರು, ಕೆಲವರು ಓಡಿಹೋಗಿ ಸಾಲು ಹಿಡಿದವರಂತೆ ಏದುಸಿರು ಬಿಟ್ಟರು. ಸ್ವಲ್ಪ ಹೊತ್ತಿನಲ್ಲಿ ಎಲ್ಲರೂ ಸುಮ್ಮನಾದರು. ಶಾಂತಕ್ಕನ ದನಿಯೊಂದೇ ಯಾರಿಗೂ ಕಾಯದೆ ಓಡುತ್ತಿತ್ತು, ನನ್ನ ಹಾಗೆ.

ಶಾಂತಕ್ಕ ಸುಮಾಳ ಕಿವಿಯಲ್ಲಿ ಏನೋ ಹೇಳಿದರು. ಸುಮಾ ನನ್ನ ಕಡೆ ತಿರುಗಿದಳು.

“ಅಕ್ಕ ಕೇಳ್ಲಿಕತ್ತಾರ,” ಎಂದಳು. “ನನ್ನ ಹಿಂದ ಹಾಡೋರು ಎಲ್ಲಿ ಹ್ವಾದ್ರು ಅಂತ.”

ಒಬ್ಬರು ಒಂದು ಸಾಲು ಹೇಳಬೇಕು, ಉಳಿದವರು ಅದನ್ನು ತಿರುಗಿ ಹೇಳಬೇಕು. ಅದು ಮುಗಿದ ಮೇಲೆ ಮುಂದಿನ ಸಾಲು. ಮದುವೆಮನೆಯ ಹೆಣ್ಣುಮಕ್ಕಳಿಗೆಲ್ಲ ಗೊತ್ತಿರುವ ಈ ವಿಷಯ ಹಂದರದಲ್ಲಿ ಕುರ್ಚಿ ಹಾಕಿಕೊಂಡು ಕೂತವನಿಗೆ ಹೇಗೆ ಗೊತ್ತಾಗಬೇಕು? ಅವತ್ತು ಮಧ್ಯಾಹ್ನ ನೆಲ ನೋಡುತ್ತ ತಲೆ ತೂಗುತ್ತ ಶಾಂತಕ್ಕ ನಿಲ್ಲಿಸುತ್ತಿದ್ದದ್ದು ಉಸಿರು ಸಾಲದ್ದಕ್ಕಲ್ಲ. ಮನಸ್ಸಿನಲ್ಲೇ ಆ ಹೆಂಗಸರ ಸಾಲು ಕೇಳಿ, ಅದು ಮುಗಿಯುವ ತನಕ ಕಾದು, ಮುಂದೆ ಹಾಡುತ್ತಿದ್ದರು. ಊರ ಹೆಂಗಸರನ್ನೆಲ್ಲ ನಾನು ದವಾಖಾನೆಯ ಪಡಸಾಲೆಯಲ್ಲಿ ಕೂತು ಒಬ್ಬೊಬ್ಬರನ್ನೇ ಅಳಿಸಿಹಾಕಿದ್ದೆ. ನನಗೆ ನಾಚಿಕೆಯಾಯಿತು.

ಕಾರ್ತಿಕ್‌ನನ್ನು ಕರೆದೆ. ಅವನು ನೋಡಿ, “ಪ್ರತಿ ಲೈನ್ ಆದ್ಮೇಲೆ ಗ್ಯಾಪ್ ಹಾಕಿಕೊಡ್ತೀನಿ ಸರ್, ಅದೇನು ಕಷ್ಟ ಇಲ್ಲ. ಎಷ್ಟು ಸೆಕೆಂಡ್ ಬೇಕು ಹೇಳಿ,” ಎಂದ. ನಾನು ಶಾಂತಕ್ಕನನ್ನು ಕೇಳಿದೆ. ಅವರು ನನ್ನನ್ನು ಹತ್ತಿರ ಕರೆದರು. ಕಿವಿ ಒಯ್ದೆ.

“ಅದನ್ನ ಹೆಂಗ ಹೇಳ್ಲಿ ತಮ್ಮಾ?” ಗಾಳಿಯಂಥ ದನಿ. “ಅವರು ಮುಗಸೂ ತನಕಾ.”

ಮುದುಕಿಯರು ನಿಧಾನ ಹಾಡುತ್ತಾರೆ. ನಡುವೆ ಯಾರೋ ಅರಿಶಿನದ ಬಟ್ಟಲು ಕೇಳುತ್ತಾರೆ, ಯಾರೋ ನಗಿಸುತ್ತಾರೆ, ಯಾರದೋ ಕಣ್ಣು ತುಂಬುತ್ತದೆ. ಇದಕ್ಕೆ ಇಷ್ಟೇ ಸೆಕೆಂಡು ಎಂದು ಹೇಗೆ ಬರೆಯುವುದು? ನಾಳೆ ಏನು ಗತಿ ಎಂದು ಎಲ್ಲರೂ ಮುಖ ಮುಖ ನೋಡುತ್ತಿದ್ದಾಗ ಸುಮಾ, “ನೀವ ಕೂಡ್ರಿ,” ಎಂದಳು. “ಒಂದೊಂದು ಸಾಲಿಗೆ ನಿಲ್ಲಸ್ರಿ. ನಾವು ಹಾಡೂ ತನಕಾ ತಡೀರಿ. ಆಮ್ಯಾಲ ಮುಂದಿಂದು ಬಿಡ್ರಿ.” ಹಡಪಸರ, ಕುರಕುಂಭ, ತಿಂಗಳ ಕೊನೆ ಎಂದೆಲ್ಲ ನಾನು ಹೇಳಹೊರಟೆ. ಶಾಂತಕ್ಕ ಸುಮ್ಮನೆ ನನ್ನ ಮುಖ ನೋಡಿದರು. ನಾನು ರಜೆ ಹಾಕಿದೆ.

ಅರಿಶಿನದ ದಿನ ಆ ಹೆಂಗಸರ ನಡುವೆ ಗಂಡಸು ನಾನೊಬ್ಬನೇ. ಮುಂದೆ ಸ್ಟೂಲು, ಅದರ ಮೇಲೆ ಲ್ಯಾಪ್‌ಟಾಪು, ಪಕ್ಕದಲ್ಲಿ ಕುತ್ತಿಗೆಗೆ ಪಟ್ಟಿ ಕಟ್ಟಿಕೊಂಡ ಶಾಂತಕ್ಕ. ಎದುರಿಗೆ ಮಣೆಯ ಮೇಲೆ ವಿದ್ಯಾ. ಮೊದಲ ಸಾಲು ಬಿಟ್ಟೆ, ನಿಲ್ಲಿಸಿದೆ. ಹೆಂಗಸರು ಹಾಡಿದರು. ಅವರ ಕೊನೆಯ ಮಾತು ಇನ್ನೂ ಬಾಯಲ್ಲಿರುವಾಗಲೇ ಎರಡನೆಯದು ಬಿಟ್ಟೆ. “ಏ ಯಪ್ಪಾ, ಉಸುರಾರ ಬಿಡಾಕ ಬಿಡಪಾ,” ಎಂದಳು ಒಬ್ಬ ಮುದುಕಿ. ಎಲ್ಲರೂ ನಕ್ಕರು. ಶಾಂತಕ್ಕ ತಮ್ಮ ಕೈಯನ್ನು ನನ್ನ ಮಣಿಕಟ್ಟಿನ ಮೇಲಿಟ್ಟರು. ಆಮೇಲೆ ಆ ಕೈಯೇ ನನಗೆ ಗುರುವಾಯಿತು. ಕೈ ಭಾರವಾಗಿದ್ದರೆ ತಡೆಯಬೇಕು, ಎತ್ತಿದರೆ ಬಿಡಬೇಕು. ಕಿಸೆಯಲ್ಲಿ ಫೋನು ನಡುಗಿ ನಡುಗಿ ಸುಮ್ಮನಾಯಿತು. ಕುರಕುಂಭದ ಗಾಡಿ ಎಲ್ಲೋ ನಿಂತಿದೆ ಎಂದು ಗೊತ್ತಾಯಿತು. ಕಾಲು ಕುಟ್ಟುತ್ತಿತ್ತು, ಬೆನ್ನು ಬೆವರುತ್ತಿತ್ತು, ಆದರೂ ಕೂತೆ. ಹಾಡು ಹಾಡಾಗುತ್ತ ಹೋಯಿತು.

ಕೊನೆಯದು ತಾಯಿ ಮಗಳಿಗೆ ಹೇಳುವ ಹಾಡು.

ಹೊಸ್ತಿಲ ದಾಟಾಗ ಹಿಂದಕ್ಕ ನೋಡಬ್ಯಾಡ

ಶಾಂತ, ತುಂಬಿದ ದನಿ. ನಿಲ್ಲಿಸಿದೆ. ಈ ಸಲ ಯಾರೂ ಹಾಡಲಿಲ್ಲ. ಮುಂದೆ ಕೂತ ಹೆಂಗಸರೆಲ್ಲ ಸೆರಗಿನಲ್ಲಿ ಮುಖ ಒರೆಸುತ್ತಿದ್ದರು. ಸುಮಾ ಬಾಯಿ ತೆರೆದಳು, ದನಿ ಹೊರಡದೆ ತಲೆ ತಗ್ಗಿಸಿದಳು. ನಾನು ಶಾಂತಕ್ಕನ ಕಡೆ ನೋಡಿದೆ. ಅವರು ನನ್ನ ಕಡೆ ನೋಡಲಿಲ್ಲ, ಕೈ ಭಾರವಾಗಿಯೇ ಇತ್ತು. ಹೊರಗಿನಿಂದ ರಿಕ್ಷಾದ ಸದ್ದು, ಗಂಡಸರ ಮಾತು. ಒಳಗೆ ಏನೂ ಇಲ್ಲ. ಇಷ್ಟು ಉದ್ದದ ಮೌನದಲ್ಲಿ ನಾನು ಹುಟ್ಟಿದಾರಭ್ಯ ಕೂತವನಲ್ಲ. ಬೆರಳು ಕೀಲಿಯ ಮೇಲೇ ಇತ್ತು. ಒತ್ತಲಿಲ್ಲ.

ಆಗ ಮಣೆಯ ಮೇಲಿಂದ ದನಿ ಬಂತು. ಮದುಮಗಳು ತನ್ನ ಹಾಡಿಗೆ ತಾನು ಬಾಯಿ ತೆರೆಯಬಾರದು ಅನ್ನುತ್ತಾರೆ. ಮುಖದ ತುಂಬ ಅರಿಶಿನ ಮೆತ್ತಿಕೊಂಡ ವಿದ್ಯಾ ತೆರೆದಳು. ಪುಣೆಯಲ್ಲಿ ಬೆಳೆದ ಹುಡುಗಿಯ ಕನ್ನಡ, ರಾಗ ಅಲ್ಲಲ್ಲಿ ಜಾರುತ್ತಿತ್ತು. ತಾಯಿಯ ಸಾಲನ್ನು ಎತ್ತಿಕೊಂಡು ನಿಧಾನವಾಗಿ ಕೊನೆ ಮುಟ್ಟಿಸಿದಳು. ಶಾಂತಕ್ಕನ ಕೈ ನನ್ನ ಮಣಿಕಟ್ಟಿನಿಂದ ಮೇಲೆದ್ದಿತು.

ನಿನ ಹಿಂದ ಬರತಾವ ನನ ಕಣ್ಣು

ಈಗ ಎಲ್ಲರೂ ಹಾಡಿದರು. ಶಾಂತಕ್ಕನ ತುಟಿಯೂ ಆಡುತ್ತಿತ್ತು, ದನಿಯಿಲ್ಲದೆ, ಬೇರೆಯವರ ಜೊತೆಗೆ, ತಮ್ಮದೇ ದನಿಯ ಹಿಂದೆ. ನನಗೆ ಅಳು ಬಂತು. ಹೆಂಗಸರ ನಡುವೆ ಕೂತವನಿಗೆ ಅದನ್ನು ಮುಚ್ಚಿಡುವ ಅಗತ್ಯವೂ ಕಾಣಲಿಲ್ಲ.

ಮಿಕ್ಸರನ್ನು ಕುಂಕುಮದ ಸಮೇತ ಸಂಘಕ್ಕೆ ಮರಳಿಸಿದೆ. ಶಾಂತಕ್ಕನಿಗೆ ಈಗ ಅಷ್ಟಿಷ್ಟು ದನಿ ಬಂದಿದೆ. ದಪ್ಪಗಾಗಿದೆ, ಮೇಲಕ್ಕೆ ಏರುವುದಿಲ್ಲ, ಒಂದಿಷ್ಟು ತಡವಾಗಿ ಹೊರಡುತ್ತದೆ. ಮದುವೆಮನೆಯಲ್ಲಿ ಅವರು ಹಿಂದಿನ ಸಾಲಿನಲ್ಲಿ ಕೂರುತ್ತಾರೆ. ಹಾಡುಗಳನ್ನೆಲ್ಲ ಮಧ್ಯಾಹ್ನದ ಹೊತ್ತು ಸುಮಾಳಿಗೆ ಕಲಿಸಿದ್ದಾರೆ. ಮುಂದಿನ ಸಾಲು ಈಗ ಇವಳದು. ನನ್ನ ಬಗ್ಗೆ ಹೇಳುವುದಾದರೆ, ತಾಳ್ಮೆ ಬಂದುಬಿಟ್ಟಿತು ಎಂದು ಹೇಳಿದರೆ ಸುಮಾ ನಗುತ್ತಾಳೆ. ಸಿಗ್ನಲ್ಲಿನಲ್ಲಿ ಕಾಲು ಇನ್ನೂ ಕುಟ್ಟುತ್ತದೆ, ಹಡಪಸರದಲ್ಲಿ ಇನ್ನೂ ಕುದಿಯುತ್ತೇನೆ.

ಇವತ್ತು ಮಧ್ಯಾಹ್ನ ಆಕುರ್ಡಿಯಲ್ಲಿ ಒಬ್ಬರ ಮನೆಯಲ್ಲಿ ಅರಿಶಿನವಿದೆ. ಶಾಂತಕ್ಕ ಇನ್ನೂ ಮೇಲೆ ಬಂದಿಲ್ಲ. ಸುಮಾ ಒಳಗಿನ ಕೋಣೆಯಲ್ಲಿ ಸೀರೆಯ ನೆರಿಗೆ ಹಿಡಿಯುತ್ತ, ಹೊಸದಾಗಿ ಕಲಿತ ಹಾಡೊಂದರ ಮೊದಲ ಸಾಲನ್ನು ಎತ್ತಿದಳು.

ಬಾಳಿಯ ಕಂಬಕ್ಕ ಬಾಗೀದ ಮಾವಿನೆಲಿ

ನಿಲ್ಲಿಸಿದಳು. ನಾನು ಪೇಪರಿನಿಂದ ತಲೆಯೆತ್ತಿದೆ. ಒಳಗಿನಿಂದ ಎರಡನೆಯ ಸಾಲು ಬರಲಿಲ್ಲ. ಅವಳ ಹಿಂದೆ ಹಾಡಲು ಮನೆಯಲ್ಲಿ ನನ್ನನ್ನು ಬಿಟ್ಟು ಯಾರೂ ಇರಲಿಲ್ಲ. ಗಂಟಲು ಸರಿಮಾಡಿಕೊಂಡು ಆ ಸಾಲನ್ನು ನಾನೇ ತಿರುಗಿ ಹಾಡಿದೆ. ನನ್ನ ದನಿ ಹೇಗಿದೆ ಎಂದು ನೀವು ಕೇಳಬೇಡಿ. ಎರಡು ಕಡೆ ಒಡೆಯಿತು, ಕೊನೆಗೆ ಉಸಿರೂ ಸಾಲಲಿಲ್ಲ, ನಡುವೆ ತಡೆದು ಮತ್ತೆ ಹಿಡಿದೆ. ಸುಮಾ ನಗಲಿಲ್ಲ. ನಾನು ಮುಗಿಸುವ ತನಕ ಕಾದು ಮುಂದಿನ ಸಾಲು ಎತ್ತಿಕೊಂಡಳು.